ಕೆಂಚಯ್ಯನವರು ಸುಡದ ಮೂವತ್ತೇಳು ಕಾಗದ

ಮೂಡಲು ಇನ್ನೂ ಕೆಂಪಾಗಿಲ್ಲ. ತಾಲ್ಲೂಕು ಕಚೇರಿಯ ಹಿಂಬದಿಯ ದಫ್ತರಖಾನೆಯ ಬೀಗಕ್ಕೆ ಕೀಲಿ ತೂರಿಸಿ ಕೆಂಚಯ್ಯನವರು ಸುಮ್ಮನೆ ನಿಂತಿದ್ದಾರೆ. ತಿರುಗಿಸುವುದಿಲ್ಲ. ಕಾಯುತ್ತಾರೆ. ಈ ಕೋಣೆಯೊಳಗೆ ದೀಪ ಒಯ್ಯುವಂತಿಲ್ಲ. ಲಾಟೀನು ಹೋಗಲಿ, ಬೆಂಕಿಪೊಟ್ಟಣವನ್ನೂ ಬಾಗಿಲ ಪಕ್ಕದ ಗೂಡಿನಲ್ಲಿಟ್ಟೇ ಒಳಗೆ ಕಾಲಿಡಬೇಕು. ಕರೆಂಟು ತಾಲ್ಲೂಕಿನ ಹಿರಿಯ ಅಧಿಕಾರಿ ಅಮಲ್ದಾರರ ಕೋಣೆಯ ತನಕ ಬಂದು ಅಲ್ಲೇ ನಿಂತುಬಿಟ್ಟಿದೆ. ಒಳಗಿರುವುದು ಪೂರ್ವಕ್ಕೊಂದು ಕಿಟಕಿ. ಅದರಿಂದ ಬಿಸಿಲು ಸೀದಾ ಬೀಳುವುದು ಬೆಳಗಿನ ಎರಡು ಗಂಟೆ ಮಾತ್ರ. ಆ ಎರಡು ಗಂಟೆಯಲ್ಲಿ ಮಾಡಿದ್ದೇ ಕೆಲಸ, ಆಮೇಲೆ ಬರೀ ತಡಕಾಟ.

"ಬಂತು ನೋಡಿ ನಮ್ ದೀಪ," ಎನ್ನುತ್ತಾರೆ ಕೆಂಚಯ್ಯನವರು. ಕೀಲಿ ತಿರುಗುತ್ತದೆ. ಬೇವು, ಬಜೆ, ಹಳೇ ಕಾಗದ ಮೂರೂ ಸೇರಿದ ಒಂದು ಘಾಟು ಮುಖಕ್ಕೆ ಬಡಿಯುತ್ತದೆ. ಅವರು ಅದನ್ನು ಹೊಸ ಅಕ್ಕಿಯ ಅನ್ನದ ಘಮದ ಹಾಗೆ ಎಳೆದುಕೊಳ್ಳುತ್ತಾರೆ.

ಗೋಡೆಯಿಂದ ಗೋಡೆಗೆ, ನೆಲದಿಂದ ತೊಲೆಯವರೆಗೆ ರುಮಾಲುಗಳು. ಕಡತಗಳನ್ನು ಒಟ್ಟುಮಾಡಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟಿಗೆ ಕಚೇರಿಯ ಮಂದಿ ರುಮಾಲು ಎನ್ನುತ್ತಾರೆ. ಒಟ್ಟು ಎರಡು ಸಾವಿರದ ಮುನ್ನೂರ ನಲವತ್ತೊಂದು. ದಿನಕ್ಕೆ ಮೂವತ್ತರಂತೆ ಬಿಚ್ಚಿ, ಒದರಿ, ಹುಳ ಹಿಡಿದ ಹಾಳೆ ಬೇರೆ ಮಾಡಿ, ಬೇವಿನೆಲೆ ಹಾಕಿ ಮತ್ತೆ ಕಟ್ಟುತ್ತಾರೆ. ಎಪ್ಪತ್ತೆಂಟು ಬೆಳಗಿಗೆ ಎರಡು ಸಾವಿರದ ಮುನ್ನೂರ ನಲವತ್ತು ಮುಗಿಯುತ್ತವೆ. ಮಿಕ್ಕ ಒಂದಕ್ಕೆ ಒಂದು ಪೂರಾ ಬೆಳಗು ಮೀಸಲು. ಆ ಒಂದು ರುಮಾಲಿನ ಬಟ್ಟೆ ಕೆಂಪಲ್ಲ. ಹಳದಿ ಅಂಚಿನ ಹಸಿರು ಸೀರೆಯ ತುಂಡು.

ಇದು ಹಾಸನ ಜಿಲ್ಲೆಯ ಯಾವ ತಾಲ್ಲೂಕಿನ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಕೆಂಚಯ್ಯನವರಿಗೆ ಇನ್ನೂ ಎಂಟು ವರ್ಷ ಸರ್ವೀಸಿದೆ. ಇನ್ನೊಂದು ಮಾತು. ಕಚೇರಿಯಲ್ಲಿ ಹಣ್ಣು ಮುದುಕನಿಂದ ಹಿಡಿದು ನಿನ್ನೆ ಸೇರಿದ ಗುಮಾಸ್ತನವರೆಗೆ ಎಲ್ಲರೂ ಅವರನ್ನು "ಲೇ ಕೆಂಚ" ಎಂದೇ ಕೂಗುತ್ತಾರೆ. ಈ ಬರಹದಲ್ಲಿ ಹಾಗೆ ಕೂಗುವುದಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅವರು ಇಲ್ಲಿಗೆ ಬಂದದ್ದು ಅಂಗಳ ಗುಡಿಸಲು. ಶಾಲೆಯ ಜಗಲಿಯ ಕೆಳಗೆ ಕೂತು ಮೂರನೇ ಕ್ಲಾಸಿನ ತನಕ ಕಲಿತಿದ್ದರು, ಕನ್ನಡ ಸರಾಗವಾಗಿ ಓದುತ್ತಿದ್ದರು. ಆದರೂ ಹದಿಮೂರು ವರ್ಷ ಈ ಕೋಣೆಯ ಹೊಸ್ತಿಲು ದಾಟಲಿಲ್ಲ, ದಾಟಿಸಲಿಲ್ಲ. ಕಸಪೊರಕೆ ಹೊಸ್ತಿಲ ಈಚೆಗೇ ನಿಲ್ಲಬೇಕಿತ್ತು. ಒಳಗಿನ ಕಾಗದದಲ್ಲಿ ಊರಿನ ಎಲ್ಲ ಹೊಲದ ಲೆಕ್ಕವಿತ್ತು, ಎಲ್ಲ ಜಾತಿಯವರ ಹೆಸರಿತ್ತು, ಅವರ ಅಪ್ಪನ ಹೆಬ್ಬೆಟ್ಟೂ ಎಲ್ಲೋ ಇತ್ತು. ಮುಟ್ಟುವ ಹಾಗಿರಲಿಲ್ಲ.

ಐವತ್ತೊಂದರಲ್ಲಿ ಮೇಲಿನಿಂದ ಹುಕುಂ ಬಂತು. ಜಾಗ ಸಾಲದು, ಇಟ್ಟುಕೊಳ್ಳಬೇಕಾಗಿಲ್ಲದ ದರ್ಜೆಯ ಹಳೇ ಕಡತಗಳನ್ನು ಸುಟ್ಟುಹಾಕಿ ಎಂದು. ಮೂರು ದಿನ ಹೊಗೆ ಕುಡಿಯಬೇಕಾದ ಕೆಲಸ. ಯಾರೂ ಮುಂದೆ ಬರಲಿಲ್ಲ. ಆಗ ನೆನಪಾದದ್ದು ಅಂಗಳದಲ್ಲಿದ್ದ ಕೆಂಚಯ್ಯ. ಹದಿಮೂರು ವರ್ಷ ಕಾಗದ ಮುಟ್ಟಬಾರದು ಎಂದ ಕಚೇರಿ, ಮೊದಲ ಸಲ ಅವರ ಕೈಗೆ ಕಾಗದ ಕೊಟ್ಟದ್ದು ಸುಡಲಿಕ್ಕೆ. ಇದನ್ನು ಬರೆಯುವಾಗ ಪೆನ್ನು ಕಾಗದಕ್ಕೆ ತೂತು ಹಾಕುತ್ತದೆ. ಹೇಳುವಾಗ ಕೆಂಚಯ್ಯನವರು ಮಾತ್ರ ನಗುತ್ತಾರೆ.

"ಆರ್ನೂರ ಹನ್ನೆಲ್ಡು ರುಮಾಲು ಸುಟ್ಟೆ ಸಾ. ಅಂಗೇ ಎತ್ತಿ ಬೆಂಕಿಗೆ ಒಗಿ ಅಂದ್ರು. ನಂಗೆ ಮನಸ್ಸು ಬರ್ಲಿಲ್ಲ. ಒಂದೊಂದ್ನೂ ಬಿಚ್ಚಿ ನೋಡ್ಕಂಡು ಆಮೇಕೆ ಆಕ್ತಿದ್ದೆ. ಸಾಯೋರ ಮೊಕ ಒಂದ್ ಸಲ ನೋಡ್ಬೇಕಲ್ವಾ?"

ನೋಡುತ್ತ ನೋಡುತ್ತ ಕೆಲವು ಹಾಳೆಗಳನ್ನು ಅವರು ಪಕ್ಕಕ್ಕಿಟ್ಟರು. ಕೈಯಲ್ಲಿ ಬರೆದ ಚಿತ್ರಗಳಿದ್ದ ಹಾಳೆಗಳು: ಒಂದು ತೂಬು, ಒಂದು ಮಂಟಪದ ಕಂಬ, ಯಾರೋ ಬಿಡಿಸಿದ ಎತ್ತು. ಆಗಿನ ಶಿರಸ್ತೇದಾರರು ಬಂದು ನೋಡಿ, "ಅದೇನು ಚಿತ್ರಪಟ ಜೋಡಿಸ್ತಾ ಇದೀಯೇನೋ? ಹಾಕೋ ಬೆಂಕಿಗೆ," ಎಂದು ಮೂಗು ಮುಚ್ಚಿಕೊಂಡು ಹೋದರು. ಕೆಂಚಯ್ಯನವರು "ಊಂ ಬುದ್ಧೀ" ಎಂದರು. ಹಾಕಲಿಲ್ಲ.

ಯಾಕೆ ಎಂದರೆ ಅವರ ಉತ್ತರ ಹೀಗಿದೆ. "ಬರ್ದಿದ್ದಕ್ಕೆ ನಕಲು ಇರ್ತದೆ ಸಾ. ಗುಮಾಸ್ತ ಕೂತ್ಕಂಡು ನಕಲು ಮಾಡಿ ಆಸನಕ್ಕೆ ಒಂದು, ಬೆಂಗ್ಳೂರ್ಗೆ ಒಂದು ಕಳಿಸಿರ್ತಾನೆ. ಚಿತ್ರನ ಯಾವ್ ಗುಮಾಸ್ತನೂ ನಕಲು ಮಾಡಕ್ಕಿಲ್ಲ, ಬರಕ್ಕಿಲ್ಲ ಅವ್ರಿಗೆ. ಅದು ಸುಟ್ಟೋದ್ರೆ ಓಯ್ತು."

ಮೂವತ್ತೇಳು ಹಾಳೆಯಾಯಿತು. ಕಟ್ಟಲು ಸರ್ಕಾರದ ಬಟ್ಟೆ ಕೇಳಿದರೆ ಸಿಕ್ಕಿಬೀಳುತ್ತಾರೆ. ಮನೆಯಿಂದ ಹೆಂಡತಿ ಮಾದಮ್ಮನವರ ಹಳೇ ಸೀರೆಯ ತುಂಡು ತಂದರು, ಗಂಟು ಹಾಕಿ ಅದರ ಮೇಲೆ ಅಂದಿನ ತಾರೀಖಿನ ಚೀಟಿಯಿಟ್ಟು ಅರಗು ಒತ್ತಿದರು, ತೊಲೆಯ ಕೆಳಗೇ ಇರುವ ಕೊನೆಯ ಹಲಗೆಯ ಮೂಲೆಗೆ ತಳ್ಳಿದರು. ಸುಟ್ಟ ಕಡತಗಳ ಪುಸ್ತಕದಲ್ಲಿ ಎಲ್ಲವೂ ನಾಶವಾಯಿತೆಂದು ಸಹಿ ಹಾಕಿದರು. ಸಹಿಯಲ್ಲಿ ಮೂವತ್ತೇಳು ಹಾಳೆಯಷ್ಟು ಸುಳ್ಳಿತ್ತು. ಅದನ್ನು ಹನ್ನೆರಡು ವರ್ಷ ಎದೆಯಲ್ಲಿಟ್ಟುಕೊಂಡೇ ಓಡಾಡಿದರು. ಆ ಕೆಲಸದ ಮೇಲೆಯೇ ಅವರನ್ನು ದಫ್ತರಖಾನೆಯ ಆಳಾಗಿ ಒಳಗೆ ತೆಗೆದುಕೊಂಡದ್ದು. ಸುಟ್ಟವನೇ ಕಾಯುವವನಾದ.

ಇನ್ನು ಈಶ್ವರಯ್ಯನವರ ವಿಷಯ. ಹಳೇಕೋಟೆಯ ಬಯಲಿನಿಂದ ಸಾಲಗಾಮೆಯವರೆಗೆ, ಚನ್ನರಾಯಪಟ್ಟಣದ ತೆಂಗಿನ ತೋಟಗಳ ತನಕ ಅವರ ಹೆಸರು ತಿಳಿಯದ ರೈತನಿಲ್ಲ. ಬಾವಿಯ ನೀರೆತ್ತುವ ಒಂಟೆತ್ತಿನ ಕಪಿಲೆ ಮಾಡಿದವರು ಅವರು. ಅದಕ್ಕೂ ಮುಂಚೆ ಬಾವಿಯಿಂದ ಕಪಿಲೆ ಹೊಡೆಯಲು ಜೋಡೆತ್ತು ಬೇಕಿತ್ತು, ಎತ್ತು ಹೊಡೆಯಲೊಬ್ಬ, ಮೇಲೆ ಬಂದ ತೊಗಲಿನ ಚೀಲ ಬಗ್ಗಿಸಲೊಬ್ಬ ಬೇಕಿತ್ತು. ಒಂದೇ ಎತ್ತಿನ ಬಡವ ಬಾವಿಯಿದ್ದರೂ ಆಕಾಶ ನೋಡುತ್ತ ಕೂರಬೇಕಿತ್ತು. ಮೂಡಲಕೊಪ್ಪಲಿನ ಬಡಗಿ ಈಶ್ವರಯ್ಯ ಬಾವಿಯ ಪಕ್ಕ ಒಂದು ಕಂಬ ನೆಟ್ಟರು, ಕಂಬಕ್ಕೆ ಅಡ್ಡ ತೊಲೆ ಹೂಡಿದರು, ಒಂಟಿ ಎತ್ತು ಗಾಣದ ಹಾಗೆ ಸುತ್ತುವಂತೆ ಮಾಡಿದರು. ಇತ್ತ ಆರು ಸುತ್ತು, ಒಂದು ಚೀಲ ಮೇಲೆ. ಅತ್ತ ಆರು ಸುತ್ತು, ಇನ್ನೊಂದು ಚೀಲ ಮೇಲೆ. ಮೇಲೆ ಬಂದ ಚೀಲ ತಾನೇ ಬಾಲ ಬಿಚ್ಚಿ ನೀರು ಸುರಿದು ಕೆಳಗಿಳಿಯುತ್ತದೆ. ಬಗ್ಗಿಸುವ ಆಳು ಬೇಡ.

ಅವರು ತೀರಿಕೊಂಡು ಮೂವತ್ತು ವರ್ಷವಾದ ಮೇಲೆ ಕಲ್ಲು ನಿಲ್ಲಿಸೋಣ, ಪುಸ್ತಕ ತರೋಣ ಎಂದು ಒಂದು ಸಮಿತಿಯಾಯಿತು. ಅಧ್ಯಕ್ಷರು ತೋಟದ ಸಾಹುಕಾರ ದೇವರಾಜು. ಪುಸ್ತಕ ಬರೆಯುವ ಹೊಣೆ ಹಾಸನದ ಚರಿತ್ರೆಯ ಉಪಾಧ್ಯಾಯಿನಿ ಪ್ರೇಮಕುಮಾರಿಯವರದು. ಅಷ್ಟರಲ್ಲಿ ಪಟ್ಟಣದ ಪತ್ರಿಕೆಯೊಂದು ಬರೆಯಿತು: ಈಶ್ವರಯ್ಯ ಏನನ್ನೂ ಕಂಡುಹಿಡಿದಿಲ್ಲ, ಪರವೂರಿನ ಕಾರ್ಖಾನೆಯೊಂದರ ಸಾವಿರದ ಒಂಬೈನೂರ ಹನ್ನೆರಡರ ಬೆಲೆಪಟ್ಟಿಯಲ್ಲಿ ಇದೇ ಯಂತ್ರದ ಚಿತ್ರವಿದೆ, ಹಳ್ಳಿಯ ಬಡಗಿ ಅದನ್ನು ನೋಡಿ ಮಾಡಿದ್ದಾನೆ. ಹಳ್ಳಿಯವನಿಗೆ ತಲೆಯೆಲ್ಲಿಂದ ಬರಬೇಕು ಎಂಬುದು ಅದರ ಒಳಮಾತು.

ಪ್ರೇಮಕುಮಾರಿಯವರ ಕೈಯಲ್ಲಿದ್ದುದು ಒಂದು ಮಾಸಿದ ಫೋಟೋ ಮತ್ತು ಹದಿನಾಲ್ಕನೇ ಇಸವಿಯ ಒಂದು ವಸ್ತುಪ್ರದರ್ಶನದ ಪ್ರಶಸ್ತಿಪತ್ರ. ಹನ್ನೆರಡಕ್ಕಿಂತ ಹಿಂದಿನ ಒಂದು ಚೂರು ಕಾಗದ ಬೇಕಿತ್ತು. ಮೈಸೂರು, ಬೆಂಗಳೂರು ಎರಡೂ ಸುತ್ತಿ ಬರಿಗೈಯಲ್ಲಿ ಈ ಕಚೇರಿಗೆ ಬಂದರು. ಅಮಲ್ದಾರರು ಅಪ್ಪಣೆ ಕೊಟ್ಟರು. ಕಳೆದ ಮಾಘದಲ್ಲಿ ಹನ್ನೊಂದು ಬೆಳಗು ಕೆಂಚಯ್ಯನವರು ಬಾವಿ, ಕಪಿಲೆ, ನೀರಾವರಿ ಎಂದು ಚೀಟಿಯಿದ್ದ ರುಮಾಲುಗಳನ್ನೆಲ್ಲ ಇಳಿಸಿಕೊಟ್ಟರು. ಈಶ್ವರಯ್ಯನ ಹೆಸರು ಒಂದರಲ್ಲೂ ಇರಲಿಲ್ಲ.

ಹನ್ನೆರಡನೇ ದಿನ ಅವರು ಬಾಯಿಬಿಟ್ಟರು.

"ಅಮ್ಮಾವ್ರೆ, ತೆಪ್ಪು ತಿಳ್ಕಬ್ಯಾಡಿ. ಬಾವಿ ರುಮಾಲು ಬುಟ್ಬುಡಿ."

"ಬಾವಿ ಬಿಟ್ಟು ಇನ್ನೆಲ್ಲಿ ಹುಡುಕೋದು ಕೆಂಚಯ್ಯನವರೇ? ಕಪಿಲೆ ಇರೋದು ಬಾವಿಗೇ ತಾನೆ?"

"ಆವಯ್ಯಂಗೆ ಬಾವಿ ಇತ್ತಲ್ವಾ? ಇರೋದುಕ್ಕೆ ಯಾರೂ ಸರ್ಕಾರಕ್ಕೆ ಅರ್ಜಿ ಆಕಕ್ಕಿಲ್ಲ. ಇಲ್ದಿದ್ದಕ್ಕೆ ಆಕ್ತಾರೆ. ಆವಯ್ಯಂಗೆ ಇಲ್ದೆ ಇದ್ದುದ್ದು ಏನು ಯೋಳಿ."

ಪ್ರೇಮಕುಮಾರಿ ಕೈಲಿದ್ದ ಬಾವಿಯ ಕಡತ ಕೆಳಗಿಟ್ಟರಂತೆ.

"ಮರ ಕಣಮ್ಮ. ಮೂಡಲಕೊಪ್ಪಲಲ್ಲಿ ಆ ಕಂಬ ಇನ್ನೂ ನಿಂತೈತೆ. ನಾನು ತಬ್ಬಿ ನೋಡಿವ್ನಿ, ಎಲ್ಡು ಕೈಗೂ ಸಿಕ್ಕಕ್ಕಿಲ್ಲ. ನ್ಯಾರಳೆ. ಬಡಗಿ ಮನೇಲಿ ಅಷ್ಟು ದಪ್ಪದ ನ್ಯಾರಳೆ ಎಲ್ಲಿಂದ ಬರ್ಬೇಕು? ಈ ಸೀಮೇಲಿ ಅಂಥ ಮರ ಇದ್ದಿದ್ದು ರಸ್ತೆ ಸಾಲಲ್ಲಿ. ಸಾಲುಮರ ಸರ್ಕಾರದ್ದು. ಬಿದ್ದಿದ್ ಮರ ತಕಳಕ್ಕೂ ಅರ್ಜಿ ಬೇಕು."

ಎರಡು ವರ್ಷ ದೊಡ್ಡ ದೊಡ್ಡ ಗ್ರಂಥಾಲಯಗಳ ಮೆಟ್ಟಿಲು ಹತ್ತಿಳಿದ ಹೆಣ್ಣುಮಗಳು ಆ ಮಾತಿಗೆ ಎದ್ದು ನಿಂತರು. "ಸಾಲುಮರದ ರುಮಾಲು ತೆಗೀರಿ." ಕೆಂಚಯ್ಯನವರು ತೆಗೆಯಲಿಲ್ಲ. ಬೀರುವಿನಿಂದ ಒಂದು ಪುಸ್ತಕ ತಂದು ಅವರ ಮುಂದಿಟ್ಟರು. ಸುಟ್ಟ ಕಡತಗಳ ಪುಸ್ತಕ. ಸಾಲುಮರ, ಸಾವಿರದ ಒಂಬೈನೂರ ಐದರಿಂದ ಹದಿನೈದು, ನಾಶಪಡಿಸಿದೆ. ಕೆಳಗೆ ದುಂಡಗಿನ ಕನ್ನಡದಲ್ಲಿ ಸಹಿ.

"ಇದು ನಿಮ್ಮದೇ?"

"ನಂದೇ ಕಣಮ್ಮ. ಸುಟ್ಟೋನು ನಾನೇ."

ಪ್ರೇಮಕುಮಾರಿ ಪುಸ್ತಕ ಮುಚ್ಚಿ, ಹಾಸನದ ಬಸ್ಸಿಗೆ ಹೊರಟುಹೋದರು. ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಕೆಂಚಯ್ಯನವರು. ತಲೆಯ ಮೇಲೆ, ತೊಲೆಯ ಕೆಳಗೆ ಹಸಿರು ಗಂಟು ಕೂತಿತ್ತು. ಹನ್ನೆರಡು ವರ್ಷದ ಹಿಂದೆ ಬೆಂಕಿಯ ಮುಂದೆ ಕೂತು ಎತ್ತಿಟ್ಟ ಚಿತ್ರಗಳಲ್ಲಿ ಒಂದು ಎತ್ತಿತ್ತು ಎಂದು ನೆನಪಿತ್ತು. ಅದು ಈಶ್ವರಯ್ಯನದೇ, ಅಲ್ಲವೇ, ತಿಳಿಯದು. ಗಂಟು ತೋರಿಸಿದರೆ ಸುಳ್ಳು ಸಹಿ ಹೊರಬರುತ್ತದೆ, ಸುಳ್ಳು ಸಹಿಗೆ ಕೆಲಸ ಹೋಗುತ್ತದೆ. ಒಳಗೆ ಆ ಕಾಗದ ಇಲ್ಲದಿದ್ದರೆ ಕೆಲಸ ಹೋದದ್ದೂ ದಂಡ. ತೋರಿಸದಿದ್ದರೆ ಈಶ್ವರಯ್ಯ ಕದ್ದವನಾಗಿಯೇ ಉಳಿಯುತ್ತಾನೆ.

ಆ ಸಂಜೆಯ ಮಾತು ಮಾದಮ್ಮನವರ ಬಾಯಲ್ಲೇ ಕೇಳಬೇಕು. "ಈವಯ್ಯ ಉಣ್ಣದೆ ಮಂಕಾಗಿ ಕೂತಿದ್ರು. ಏನು ಅಂದೆ. ಯೋಳಿದ್ರು. ನಂಗೆ ಅಸಿರು ಸೀರೆ ಎಲ್ಲೋಯ್ತು ಅಂತ ಅವತ್ತೇ ಗೊತ್ತಾಗಿದ್ದು. ಎಂಡ್ರ ಸೀರೆ ಅರ್ದು ಸರ್ಕಾರಕ್ಕೆ ಉಡ್ಸವ್ರಲ್ಲ ಅಂತ ನಗಾಡ್ದೆ. ಆಮೇಕೆ ಯೋಳ್ದೆ, ಕೆಲ್ಸ ಓದ್ರೆ ಇಬ್ರೂ ಕಳೆ ಕೀಳಕ್ಕೆ ಓಗಾನ, ನಂಗೇನ್ ಒಸದಲ್ಲ. ಅನ್ನೆಲ್ಡು ವರ್ಸ ಮಡಿಕಂಡಿದ್ದು ಕೊಳೆಸಕ್ಕಾ?"

ಮಾರನೇ ದಿನ ಕೆಂಚಯ್ಯನವರು ಪ್ರೇಮಕುಮಾರಿಯವರಿಗೆ ಒಂದು ಕಾರ್ಡು ಹಾಕಿದರು, ಗುರುವಾರ ಬೆಳಗ್ಗೆ ಬನ್ನಿ ಎಂದು. ಗಂಟನ್ನು ತಾವಾಗಿ ಬಿಚ್ಚಲಿಲ್ಲ. ಇಲ್ಲಿದೆ ನೋಡಿ ಈ ಮನುಷ್ಯನ ಕಸುಬು. ಒಬ್ಬನೇ ಬಿಚ್ಚಿದರೆ ನಾಳೆ ಯಾರಾದರೂ "ಅವನೇ ಒಳಗೆ ತುರುಕಿದ್ದಾನೆ" ಎನ್ನಬಹುದು. ಅದಕ್ಕೇ ಗುರುವಾರ ಏಳು ಗಂಟೆಗೆ, ಆ ಎರಡು ಗಂಟೆಯ ಬಿಸಿಲಿನಲ್ಲಿ, ಅಮಲ್ದಾರರನ್ನೇ ದಫ್ತರಖಾನೆಗೆ ಕರೆತಂದು ಅವರ ಮುಂದೆ ಗಂಟಿಟ್ಟರು. ಈಗಿನ ಶಿರಸ್ತೇದಾರ ಮಂಜುನಾಥ ಹಿಂದೆಯೇ ಬಂದಿದ್ದರು.

"ಏನಿದು ಸೀರೆ?" ಎಂದರು ಮಂಜುನಾಥ.

"ಅರಗು ಒಡ್ದಿಲ್ಲ ಸ್ವಾಮಿ. ಚೀಟಿ ಮೇಲೆ ತಾರೀಕು ಐತೆ. ಅಮಲ್ದಾರ್ ಸಾಯೇಬ್ರೇ ಬಿಚ್ಚಬೇಕು," ಎಂದರು ಕೆಂಚಯ್ಯನವರು, ಆಮೇಲೆ ಸುಳ್ಳು ಸಹಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಕೈಕಟ್ಟಿ ನಿಂತರು.

"ಹನ್ನೆರಡು ವರ್ಷ ಸರ್ಕಾರಕ್ಕೆ ಮಣ್ಣೆರಚಿದ್ದೀಯಲ್ಲೋ," ಎಂದರು ಮಂಜುನಾಥ. "ಸಾರ್, ಇವನನ್ನ ಇವತ್ತೇ ಸಸ್ಪೆಂಡ್ ಮಾಡಬೇಕು."

ಅಮಲ್ದಾರರು ವಯಸ್ಸಿನಲ್ಲಿ ಚಿಕ್ಕವರು. ಅವರೇ ಅರಗು ಒಡೆದರು. ಒಂದೊಂದೇ ಹಾಳೆ ಎಣಿಸಿ ಕಿಟಕಿಯ ಬೆಳಕಿಗೆ ಹಿಡಿದರು. ತೂಬು ಬಂತು, ಕಂಬ ಬಂತು. ಹತ್ತೊಂಬತ್ತನೆಯದನ್ನು ಹಿಡಿದವರು ಕೈ ಇಳಿಸಲಿಲ್ಲ. ಪ್ರೇಮಕುಮಾರಿ ಹತ್ತಿರ ಬಂದರು.

ಮಧ್ಯದಲ್ಲೊಂದು ಕಂಬ, ಸುತ್ತ ಒಂದು ದುಂಡು ಗೆರೆ, ಗೆರೆಯ ಮೇಲೆ ಮಗು ಬಿಡಿಸಿದಂಥ ಒಂದು ಎತ್ತು, ಬಾವಿಯ ಬಾಯಿಗೆ ಎರಡು ತೊಗಲ ಚೀಲ. ಪಕ್ಕದಲ್ಲಿ ಬರಹ: ಗಾಳಿಗೆ ಬಿದ್ದಿರುವ ಸಾಲು ನೇರಳೆ ಮರವನ್ನು ಈ ಚಿತ್ರದಲ್ಲಿ ತೋರಿಸಿರುವ ಕಂಬಕ್ಕಾಗಿ ದಯಪಾಲಿಸಬೇಕು, ಒಂದೆತ್ತಿನ ರೈತರಿಗೆ ಉಪಕಾರವಾಗುತ್ತದೆ. ತಾರೀಖು ಸಾವಿರದ ಒಂಬೈನೂರ ಒಂಬತ್ತು, ಮಾರ್ಚಿ. ಕಾರ್ಖಾನೆಯ ಬೆಲೆಪಟ್ಟಿಗಿಂತ ಮೂರು ವರ್ಷ ಮುಂಚೆ. ಕಚೇರಿಯ ಮೊಹರು ಅದರ ಮೇಲೆ ನೀಲಿಯಾಗಿ ನಿಂತಿತ್ತು.

"ಸಿಕ್ಕಿತು," ಎಂದರು ಪ್ರೇಮಕುಮಾರಿ. ಕೆಂಚಯ್ಯನವರು ಹಾಳೆಯ ಕೆಳತುದಿಗೆ ಬೆರಳು ತೋರಿಸಿ, "ಅದ್ನೂ ಓದಿ ಅಮ್ಮಾವ್ರೆ," ಎಂದರು. ಈಶ್ವರಯ್ಯನ ಸಹಿಯ ಕೆಳಗೆ ಇನ್ನೊಂದು ಸಾಲಿತ್ತು: ತಾನಾಗಿ ನೀರು ಸುರಿಯುವ ಚೀಲದ ಯೋಚನೆ ಮತ್ತು ಕೆಲಸ ಕೇರಿಯ ಗುಂಡಯ್ಯನದು, ಮರ ಕೊಟ್ಟರೆ ನಮ್ಮಿಬ್ಬರಿಗೂ ಕೊಟ್ಟಂತೆ. ಅದರ ಪಕ್ಕ ಕಪ್ಪು ಮಸಿಯ ಒಂದು ಹೆಬ್ಬೆಟ್ಟು.

ಐವತ್ತನಾಲ್ಕು ವರ್ಷ ಊರೆಲ್ಲ ಒಬ್ಬನ ಹೆಸರು ಹೇಳಿತ್ತು. ಆ ಒಬ್ಬ ಮಾತ್ರ ಮೊದಲ ದಿನವೇ ಇಬ್ಬರ ಹೆಸರು ಬರೆದಿದ್ದ.

ಕಾಗದದ ಸುದ್ದಿ ಹೋದ ಕೂಡಲೇ ಸಮಿತಿಯ ದೇವರಾಜು ಕಾರಿನಲ್ಲಿ ಬಂದಿಳಿದರು. ಕೆಂಚಯ್ಯನವರ ಬೆನ್ನು ತಟ್ಟಲು ಎತ್ತಿದ ಕೈಯನ್ನು ಅರ್ಧದಲ್ಲೇ ಇಳಿಸಿ, ಹಾಳೆ ನೋಡಿ, "ಭೇಷ್. ಪುಸ್ತಕಕ್ಕೆ ಮೇಲಿನ ಭಾಗ ಸಾಕು. ಕೆಳಗಡೆ ಹೆಬ್ಬೆಟ್ಟು ಗಿಬ್ಬೆಟ್ಟು ಚೆನ್ನಾಗಿ ಕಾಣಲ್ಲ, ಅಷ್ಟು ಬಿಟ್ಟು ನಕಲು ಮಾಡಿಸಿ," ಎಂದರು. ಶಿರಸ್ತೇದಾರರು ತಲೆಯಾಡಿಸಿದರು. ನಕಲಿಗೆ ಕಾಗದ ಇಳಿಸಿಕೊಡಬೇಕಾದವರು ಕೆಂಚಯ್ಯನವರು. ಅವರು ಹಾಳೆಯನ್ನು ಎದೆಗೆ ಹಿಡಿದು ಕದಲಲಿಲ್ಲ.

"ಅರ್ಧ ಕಾಗ್ದಕ್ಕೆ ಮೊಹರು ಬೀಳಕ್ಕಿಲ್ಲ ಸ್ವಾಮಿ. ನಕಲು ಅಂದ್ರೆ ಮೇಲಿಂದ ಕೆಳುಗಂಟ. ಹುಳ ತಿಂದಿರೋ ತೂತೂ ಸೇರಿ. ಅದು ರೂಲು. ಅರ್ಧ ಬೇಕು ಅಂದ್ರೆ ಮೊಹರಿಲ್ದೆ ತಕಂಡೋಗಿ. ಆಗ ಪತ್ರಿಕೆಯೋರು ಇದೂ ಕದ್ದಿದ್ದು ಅಂತಾರೆ."

ಸಾಹುಕಾರರು ಅಮಲ್ದಾರರ ಮುಖ ನೋಡಿದರು. ಅಮಲ್ದಾರರು, "ರೂಲು ಅವನು ಹೇಳಿದ ಹಾಗೇ ಇದೆ," ಎಂದರು. ಕೂಡಲೇ, "ಅವರು ಹೇಳಿದ ಹಾಗೆ," ಎಂದು ತಿದ್ದಿದರು.

ಪೂರಾ ಹಾಳೆಯ ನಕಲಾಯಿತು, ಪೂರಾ ಹಾಳೆ ಪುಸ್ತಕದಲ್ಲಿ ಅಚ್ಚಾಯಿತು. ಪಟ್ಟಣದ ಪತ್ರಿಕೆ ನಾಲ್ಕನೇ ಪುಟದ ಮೂಲೆಯಲ್ಲಿ ತಪ್ಪೊಪ್ಪಿಕೊಂಡಿತು. ಕಳೆದ ತಿಂಗಳು ಮೂಡಲಕೊಪ್ಪಲಿನ ಬಾವಿಯ ಬಳಿ ನೇರಳೆ ಕಂಬದ ಪಕ್ಕದಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಎರಡು ಹೆಸರಿದೆ, ಒಂದೇ ಅಳತೆಯ ಅಕ್ಷರದಲ್ಲಿ. ಗುಂಡಯ್ಯನ ಕಡೆಯವರು ಕೇರಿಯಿಂದ ತಮಟೆ ಬಡಿದುಕೊಂಡು ಬಂದರು, ಯಾರ ಅಪ್ಪಣೆಯನ್ನೂ ಕೇಳದೆ ಕಲ್ಲಿಗೆ ಮೊದಲ ಹಾರ ಹಾಕಿದರು. ದೇವರಾಜು ಎರಡನೇ ಹಾರ ಹಾಕಿದರು. ಗುಂಡಯ್ಯನವರು ಕೆಂಚಯ್ಯನವರಿಗೆ ನೆಂಟರೇನೂ ಅಲ್ಲ. ಕೇಳಿದರೆ, "ನಂಟಸ್ಥಾನ ಇಲ್ಲ ಸಾ, ಬರೀ ಕಾಗ್ದದ ಪರಿಚಯ," ಎನ್ನುತ್ತಾರೆ.

ಕೆಲಸ ಏನಾಯಿತು? ಶಿರಸ್ತೇದಾರರು ಸಮಜಾಯಿಷಿ ಕೇಳಿದರು, ಕೆಂಚಯ್ಯನವರು ಚಿತ್ರಕ್ಕೆ ನಕಲಿರುವುದಿಲ್ಲ ಎಂಬ ಅದೇ ಮಾತನ್ನು ಬರೆದುಕೊಟ್ಟರು. ಅಮಲ್ದಾರರು ಮೂರು ದಿನ ಕಡತ ಇಟ್ಟುಕೊಂಡು ಎರಡು ಆರ್ಡರು ಹೊರಡಿಸಿದರು. ಒಂದು, ಮುಂದೆ ಹೀಗೆ ಮಾಡಕೂಡದೆಂಬ ಎಚ್ಚರಿಕೆ. ಇನ್ನೊಂದು, ಈ ಮೂವತ್ತೇಳು ಹಾಳೆಗಳನ್ನು ಎಂದೆಂದಿಗೂ ನಾಶಮಾಡತಕ್ಕದ್ದಲ್ಲವೆಂದು ಕಾಯಂ ಪುಸ್ತಕಕ್ಕೆ ಸೇರಿಸುವ ಆಜ್ಞೆ. ಎರಡನ್ನೂ ಕೆಂಚಯ್ಯನವರೇ ಹಾಳೆಗಳ ಜೊತೆ ಆ ಹಸಿರು ಬಟ್ಟೆಯಲ್ಲೇ ಕಟ್ಟಿಟ್ಟಿದ್ದಾರೆ. ಬಟ್ಟೆ ಬದಲಾಯಿಸಿ ಕೆಂಪು ಹಾಕಿ ಎಂದು ಮಂಜುನಾಥ ಹೇಳಿದ್ದರು. ಇನ್ನೂ ಬದಲಾಗಿಲ್ಲ. ಮಾದಮ್ಮನವರು ಕಲ್ಲು ನಿಲ್ಲಿಸುವ ದಿನ ಕಚೇರಿಗೆ ಬಂದು ತಮ್ಮ ಸೀರೆಯನ್ನು ಒಮ್ಮೆ ಮುಟ್ಟಿ ನೋಡಿ, "ನನ್ ಮೈಮ್ಯಾಗಿದ್ದಿದ್ರೆ ಇಷ್ಟು ದಿನ ಬಾಳ್ತಿರ್ಲಿಲ್ಲ," ಎಂದು ಹೋಗಿದ್ದಾರೆ.

ಬಿಸಿಲು ಕಿಟಕಿಯಿಂದ ಜಾರುತ್ತಿದೆ. ಇಂದಿನ ಮೂವತ್ತು ಮುಗಿದಿವೆ. ಏನಾದರೂ ಆಸೆಯಿದೆಯೇ ಎಂದರೆ ಕೆಂಚಯ್ಯನವರು ಎದುರಿನ ಗೋಡೆಗೆ ಕೈ ತೋರಿಸುತ್ತಾರೆ. "ಪಡುವಲ ಗ್ವಾಡೆಗೂ ಒಂದು ಕಿಟಕಿ ಒಡ್ಸಿದ್ರೆ ಸಂಜೆನೂ ಎಲ್ಡು ಗಂಟೆ ಕೆಲ್ಸ ಮಾಡ್ಬೋದು ಸಾ. ಅಷ್ಟೆಯ."

ಆಮೇಲೆ ಕಾಯಂ ಪುಸ್ತಕ ತಂದು ಕಿಟಕಿಯ ಕಟ್ಟೆಯ ಮೇಲೆ ತೆರೆಯುತ್ತಾರೆ. ಕೊನೆಯ ನಂಬರಿನ ಎದುರು, ಸುಟ್ಟ ಕಡತಗಳ ಪುಸ್ತಕದಲ್ಲಿದ್ದ ಅದೇ ದುಂಡಗಿನ ಸಹಿ. ಅದರ ಮೇಲೆ ಬೆರಳಾಡಿಸಿ ಓದುತ್ತಾರೆ.

"ಎಲ್ಡು ಸಾವ್ರದ ಮುನ್ನೂರ ನಲವತ್ತೊಂದು. ಇನ್ನಿದನ್ನ ಯಾವನೂ ಸುಡಂಗಿಲ್ಲ ಸಾ. ನಾನೂವೆ."